ಪಾಠ ಮಾಡದವ್ರಿಗೂ ಒಂದು ಪ್ರಶಸ್ತಿ ಬೇಡ್ವಾ? ಯೂನಿವರ್ಸಿಟಿ ಆಫೀಸು, ಲ್ಯಾಬು, ಲೈಬ್ರರಿ, ಹಾಸ್ಟೆಲ್ ಸಿಬ್ಬಂದಿ ಬಗ್ಗೆ

ಗಂಗೋತ್ರಿ ಹಳೆ ವಿದ್ಯಾರ್ಥಿನಿ

ಎಲ್ರಿಗೂ ನಮಸ್ಕಾರ. ಇಲ್ಲಿ ಮೈಸೂರು ಮಂಡ್ಯದವ್ರು ತುಂಬಾ ಜನ ಇದೀರಿ, ಯೂನಿವರ್ಸಿಟೀಲಿ ಓದಿದವ್ರು, ಕೆಲ್ಸ ಮಾಡಿ ರಿಟೈರ್ ಆದವ್ರು, ಈಗ್ಲೂ ಮಾಡ್ತಿರೋರು ಎಲ್ಲಾ ಇದೀರಿ, ಅದಕ್ಕೇ ಇಲ್ಲೇ ಕೇಳ್ತಿದೀನಿ. ಸೆಪ್ಟೆಂಬರ್ 5 ಬಂದ್ರೆ ಮೇಷ್ಟ್ರುಗಳಿಗೆ ಸನ್ಮಾನ ಆಗುತ್ತೆ, ಕಾನ್ವೊಕೇಶನ್‌ನಲ್ಲಿ ಹುಡುಗ್ರಿಗೆ ಗೋಲ್ಡ್ ಮೆಡಲ್, ಹೊರಗಿನ ದೊಡ್ಡವ್ರಿಗೆ ಗೌರವ ಡಾಕ್ಟರೇಟ್. ಎಲ್ಲಾ ಆಗ್ಲಿ, ಬೇಕು. ಆದ್ರೆ ಆ ಮೆಡಲ್ ಪಟ್ಟಿ ತಪ್ಪಿಲ್ದೆ ರೆಡಿ ಮಾಡೋ ಕ್ಲರ್ಕು, ಸರ್ಟಿಫಿಕೇಟಿನಲ್ಲಿ ಹೆಸ್ರು ಸರಿಯಾಗಿದೆಯಾ ಅಂತ ಒಂದೊಂದೇ ನೋಡೋರು, ಲ್ಯಾಬ್ ಅಟೆಂಡರು, ಲೈಬ್ರರಿ ಸಹಾಯಕರು, ಹಾಸ್ಟೆಲ್ ಅಡುಗೆಯವ್ರು, ಪಂಪು ನೋಡ್ಕೊಳೋರು, ಇವ್ರಿಗೆ ಅಂತ ವರ್ಷಕ್ಕೊಂದ್ಸಲ ನೆಟ್ಟಗೆ ಆಯ್ಕೆ ಮಾಡಿ ಕೊಡೋ ಪ್ರಶಸ್ತಿ ಯಾಕಿರಬಾರ್ದು?

ನಾನು ಎಂಎಸ್ಸಿ ಮಾಡುವಾಗ ಕೆಮಿಸ್ಟ್ರಿ ಲ್ಯಾಬಲ್ಲಿ ಒಬ್ರು ಅಟೆಂಡರ್ ಇದ್ರು. ನಾವು ಬರೋ ಹೊತ್ತಿಗೆ ಡಿಸ್ಟಿಲ್ಡ್ ವಾಟರ್ ತುಂಬಿಟ್ಟಿರೋರು, ಬ್ಯೂರೆಟ್ಟಿನ ಸ್ಟಾಪ್‌ಕಾಕ್‌ಗೆ ಗ್ರೀಸ್ ಹಚ್ಚಿ, ಒಂದೊಂದ್ರಲ್ಲೂ ನೀರು ಬಿಟ್ಟು ತೊಟ್ಟಿಕ್ತಿದೆಯಾ ಅಂತ ನೋಡಿ ಸ್ಟ್ಯಾಂಡಿಗೆ ಸಿಗಿಸಿರೋರು, ಆಸಿಡ್ ಬಾಟ್ಲಿ ಮೇಲೆ ಲೇಬಲ್ ಮಾಸಿದ್ರೆ ಮತ್ತೆ ಬರೆದು ಅಂಟಿಸಿರೋರು. ಡೈಲ್ಯೂಟ್ ಮಾಡುವಾಗ ಪಕ್ಕದಲ್ಲೇ ನಿಂತು "ಆಸಿಡ್ಡಿಗೆ ನೀರು ಹಾಕ್ಬೇಡಮ್ಮ, ನೀರಿಗೆ ಆಸಿಡ್ ಹಾಕು, ನಿಧಾನಕ್ಕೆ" ಅನ್ನೋರು. ಪುಸ್ತಕದಲ್ಲಿ ಓದಿದ್ದು ಕೈಗೆ ಬಂದಿದ್ದು ಅವ್ರಿಂದ. ಎಷ್ಟು ಬ್ಯಾಚಿನ ಮಕ್ಕಳ ಕಣ್ಣು ಕೈ ಉಳಿಸಿದಾರೋ, ಅದ್ನ ಬರೆದಿರೋ ಒಂದು ಕಾಗ್ದ ಎಲ್ಲೂ ಇಲ್ಲ.

ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರ ಜುಲೈ 27ಕ್ಕೆ, ನಾಲ್ವಡಿಯವ್ರ ಕಾಲದಲ್ಲಿ. ಅದೇ ದಿನ, ಜುಲೈ 27ಕ್ಕೆ, ಇಂಥ ಪ್ರಶಸ್ತಿ ಇಟ್ರೆ ಹೇಗೆ ಅಂತ ನನ್ನ ಆಸೆ. ಹೇಗೆ ಆಯ್ಕೆ ಮಾಡ್ಬೇಕು, ಯಾರ್ಯಾರು ಸೇರ್ಬೇಕು, ಅನುಭವ ಇರೋರು ಹೇಳಿ. ಎಲ್ಲಾ ಸೇರಿಸಿ ಒಂದು ಮನವಿ ಬರೆಯೋಣ.

ನಿವೃತ್ತ ಸೂಪರಿಂಟೆಂಡೆಂಟ್

ಒಳ್ಳೆ ವಿಷ್ಯ ಎತ್ತಿದ್ದೀಯಮ್ಮ. ನಾನು ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಆಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ರಿಟೈರ್ ಆದವ್ನು, ಯಾವ ಯೂನಿವರ್ಸಿಟಿ ಅಂತ ಬೇಡ. ಅನುಭವದ ಮಾತು ಹೇಳ್ತೀನಿ ಕೇಳು. ನಮ್ಮಲ್ಲಿ ಒಂದಷ್ಟು ವರ್ಷ "ಉತ್ತಮ ನೌಕರ" ಅಂತ ಇಟ್ಟಿದ್ರು. ಮೊದಲ್ನೇ ವರ್ಷ ನಿಜವಾಗ್ಲೂ ಕೆಲ್ಸ ಮಾಡಿದವ್ರಿಗೇ ಬಂತು, ಇಡೀ ಆಫೀಸು ಖುಷಿಪಡ್ತು. ಆಮೇಲಾಮೇಲೆ ಸೀನಿಯಾರಿಟಿ ಪ್ರಕಾರ ಕೊಡೋಕೆ ಶುರು ಮಾಡಿದ್ರು, ಇನ್ನು ಸ್ವಲ್ಪ ದಿನಕ್ಕೆ "ಈ ಸಲ ಆ ಸೆಕ್ಷನ್‌ದು, ಮುಂದಿನ್ಸಲ ಈ ಸೆಕ್ಷನ್‌ದು" ಅಂತ ಸರದಿ ಆಯ್ತು, ಕೊನೆಗೆ ಸಾಹೇಬ್ರ ಚೇಂಬರಿಗೆ ಯಾರು ಜಾಸ್ತಿ ಓಡಾಡ್ತಾರೋ ಅವ್ರಿಗೆ. ಆಗ ನಿಷ್ಠೆಯಿಂದ ಕೆಲ್ಸ ಮಾಡೋನಿಗೆ ಆಗೋ ನೋವು ಪ್ರಶಸ್ತಿನೇ ಇಲ್ದಿದ್ರೆ ಆಗೋದಕ್ಕಿಂತ ಜಾಸ್ತಿ. ಹಂಗಾಗಿ ಪ್ರಶಸ್ತಿ ಇಡೋದು ಸುಲಭ, ಅದ್ರ ಮರ್ಯಾದೆ ಉಳಿಸೋದೇ ಕಷ್ಟ.

ನನ್ನ ಪ್ರಕಾರ ಒಂದೇ ಒಂದು ನಿಯಮ ಗಟ್ಟಿ ಇದ್ರೆ ಸಾಕು, ಉಳಿದದ್ದು ತಾನಾಗೇ ಸರಿಹೋಗುತ್ತೆ. ಏನು ಕೆಲ್ಸ ಮಾಡಿದ್ದಕ್ಕೆ ಕೊಟ್ವಿ ಅಂತ ಒಂದು ಪುಟ ಬರೀಬೇಕು, ಆ ಪುಟ ನೋಟೀಸ್ ಬೋರ್ಡಿಗೆ ಹಾಕ್ಬೇಕು, ಅದ್ರ ಪ್ರತಿ ನೌಕರನ ಸರ್ವಿಸ್ ರಿಜಿಸ್ಟರ್‌ಗೆ (ಎಸ್‌ಆರ್) ಸೇರ್ಬೇಕು. "ಸೌಜನ್ಯದ ನಡವಳಿಕೆ, ಕರ್ತವ್ಯನಿಷ್ಠೆ" ಅಂತ ಯಾರಿಗ್ ಬೇಕಾದ್ರೂ ಒಪ್ಪೋ ಮಾತು ಬರೆದ್ರೆ ವಾಪಸ್ ಕಳಿಸ್ಬೇಕು. ಇಂಥ ತಿಂಗಳು ಇಂಥ ಕೆಲ್ಸ, ಇಷ್ಟು ಜನಕ್ಕೆ ಅನುಕೂಲ ಆಯ್ತು ಅಂತ ಇರ್ಬೇಕು. ಸುಳ್ಳು ಹೆಸ್ರಿಗೆ ಆ ಒಂದು ಪುಟ ತುಂಬ್ಸೋಕೆ ಆಗಲ್ಲ ಕಣಮ್ಮ, ಓದೋರೆಲ್ಲ ಅದೇ ಆಫೀಸಿನವ್ರು.

ನಮ್ಮ ಕೆಎಸ್‌ಆರ್‌ಟಿಸಿ ನೋಡು, ವರ್ಷಗಟ್ಟಲೆ ಅಪಘಾತ ಇಲ್ದೆ ಬಸ್ ಓಡಿಸಿದ ಡ್ರೈವರ್‌ಗೆ ಪದಕ ಕೊಡ್ತಾರೆ. ಆ ಬ್ಯಾಡ್ಜ್ ಹಾಕೊಂಡಿರೋರನ್ನ ಕಂಡ್ರೆ ಪ್ಯಾಸೆಂಜರ್‌ಗೂ ಒಂದು ಧೈರ್ಯ. ಯಾಕ್ ಕೊಟ್ರು ಅಂತ ಯಾರೂ ಕೇಳೋ ಹಾಗಿಲ್ಲ, ಅಷ್ಟು ಸ್ಪಷ್ಟ.

ಕುವೆಂಪುನಗರದಿಂದ

ಸೂಪರಿಂಟೆಂಡೆಂಟ್ ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ಯಜಮಾನ್ರು ಕಾಲೇಜೊಂದ್ರಲ್ಲಿ ಎಲೆಕ್ಟ್ರಿಷಿಯನ್ ಆಗಿ ರಿಟೈರ್ ಆದ್ರು. ಬೀರುವಲ್ಲಿ ಶಾಲು ಇದಾವೆ, ಮೈಸೂರು ಪೇಟ ಇದೆ, ಗಂಧದ ಹಾರ, ಮೆಮೆಂಟೊ ಎಲ್ಲಾ ಇದೆ. ಮೊಮ್ಮಗಳು ಕೇಳ್ತಾಳೆ, ತಾತನಿಗೆ ಇದನ್ನ ಯಾಕ್ ಕೊಟ್ರು ಅಂತ. ಮೆಮೆಂಟೊ ಮೇಲೆ ನೋಡಿದ್ರೆ ದೊಡ್ಡಕ್ಷರದಲ್ಲಿ ಕೊಟ್ಟವ್ರ ಹೆಸ್ರು ಹುದ್ದೆ ಎಲ್ಲಾ ಇದೆ, ಇವ್ರು ಮಾಡಿದ ಕೆಲ್ಸದ ಬಗ್ಗೆ ಒಂದು ಸಾಲಿಲ್ಲ. ಪರೀಕ್ಷೆ ನಡೀತಿರುವಾಗ ಕರೆಂಟ್ ಹೋದ್ರೆ ರಾತ್ರಿ ಊಟ ಅರ್ಧಕ್ಕೆ ಬಿಟ್ಟು ಸೈಕಲ್ ಹತ್ತಿದವ್ರು ಇವ್ರು. ಅದ್ನ ಒಂದು ಸಾಲು ಬರೆದು ಕೊಟ್ಟಿದ್ರೆ ಆ ಪೇಟಕ್ಕಿಂತ ಜೋಪಾನವಾಗಿ ಇಟ್ಕೊತಿದ್ದೆ.

ಮಂಡ್ಯ ಹೈದ

ಅಕ್ಕ, ನಮ್ ಕಡೆದೂ ಒಸಿ ಸೇರ್ಸ್ಕಳಿ. ಯೂನಿವರ್ಸಿಟಿ ಅಂದ್ರೆ ಬರೀ ಮೈಸೂರಿನ ಮಾನಸಗಂಗೋತ್ರಿ ಕ್ಯಾಂಪಸ್ ಅಲ್ಲ ಕಣಕ್ಕ, ಮಂಡ್ಯದಲ್ಲಿ ಕೃಷಿ ಸಂಶೋಧನೆ ನಡೆಯೋ ನಮ್ ವಿ.ಸಿ. ಫಾರಂ ಇಲ್ವಾ. ಕೆಆರ್‌ಎಚ್-2 ಅಂತ ಹೈಬ್ರಿಡ್ ಭತ್ತ ಬಂತಲ್ಲ 1996ರಲ್ಲಿ, ಅದು ಮಂಡ್ಯದ್ದೇ. ತಳಿ ಅಂದ್ರೆ ಸೈಂಟಿಸ್ಟ್ ಹೆಸ್ರು ಬರುತ್ತೆ, ಬರ್ಲೇಬೇಕು, ಅವ್ರ ತಲೆ ಅದು. ಆದ್ರೆ ಗದ್ದೇಲಿ ನಿಂತ್ಕಂಡು ಕೈಯಾರೆ ಮಾಡೋರು ಫೀಲ್ಡ್ ಅಸಿಸ್ಟೆಂಟ್‌ಗಳು, ಕೂಲಿ ಹೆಣ್ಮಕ್ಳು.

ನಮ್ ದೊಡ್ಡಪ್ಪ ಭತ್ತದ ಸಂಶೋಧನೆ ಕೆಲ್ಸದಲ್ಲೇ ಇದ್ದವ್ರು, ಚಿಕ್ಕೋನಿದ್ದಾಗ ಜೊತೇಲೋಗಿ ನೋಡಿವ್ನಿ. ಭತ್ತದ ಹೂವು ಅಂದ್ರೆ ಕಣ್ಣಿಗೇ ಸರಿಯಾಗಿ ಕಾಣಕಿಲ್ಲ, ಅಷ್ಟು ಸಣ್ದು. ಅದ್ರೊಳ್ಗೆ ಪರಾಗ ಬಿಡೋ ಆರು ಕೇಸರ ಇರ್ತವೆ. ತಾಯಿ ಗಿಡದ ತೆನೇಲಿ ಒಂದೊಂದು ಕಾಳಿನ ತುದಿನೂ ಸಣ್ ಕತ್ರಿಲಿ ಕತ್ತರ್ಸಿ, ಚಿಮ್ಟದಲ್ಲಿ ಆ ಆರು ಕೇಸರನೂ ಒಡೀದಂಗೆ ಎತ್ತಿ ತೆಗೀಬೇಕು. ಒಂದು ಉಳುದ್ರೂ ಅದ್ರ ಪರಾಗ ಅದಕ್ಕೇ ಬಿದ್ದು ಕ್ರಾಸಿಂಗ್ ಕೆಟ್ಟೋಯ್ತದೆ. ತೆಗ್ದಾದ್ಮೇಲೆ ಬಟರ್ ಪೇಪರ್ ಕವರ್ ಹಾಕಿ ತಾರೀಕು ಬರ್ದು ಟ್ಯಾಗ್ ಕಟ್ಟಿ, ಮಾರ್ನೇ ದಿನ ಬೆಳಿಗ್ಗೆ ಹತ್ತು ಹನ್ನೊಂದು ಗಂಟೆ ಬಿಸ್ಲಲ್ಲಿ ಗಂಡು ತೆನೆ ಹೂವು ಬಿಟ್ಟಾಗ ತಂದು ಇದ್ರ ಮೇಲೆ ಒದರ್ಬೇಕು. ಆ ಹೊತ್ತು ತಪ್ಪೋಯ್ತು ಅಂದ್ರೆ ಅವತ್ತಿನ ಕೆಲ್ಸ ನೀರಿಗ್ ಹಾಕ್ದಂಗೆ. ಕೆಸರಲ್ಲಿ ಬಗ್ಗಿ ನಿಂತ್ಕಂಡೇ ಇಷ್ಟೂ ಮಾಡ್ಬೇಕು. ಟ್ಯಾಗ್ ಒಂದು ಅದಲು ಬದಲಾದ್ರೆ ಎಷ್ಟೋ ವರ್ಷದ ಸಂಶೋಧನೆ ದಾರಿ ತಪ್ತದೆ. ನಮ್ ದೊಡ್ಡಪ್ಪ ಮಾಡಿದ ಟ್ಯಾಗ್ ಅಂದ್ರೆ ಯಾರೂ ಎರಡ್ನೇ ಸಲ ನೋಡ್ತಿರ್ಲಿಲ್ವಂತೆ, ಅಷ್ಟು ನಂಬಿಕೆ.

ಅಂಥೋರಿಗೆ ತಳಿ ಬಿಡುಗಡೆ ದಿನ ವೇದಿಕೆ ಮೇಲೆ ಕರ್ದು ಇವ್ರ ಕೈಯಿಂದ ಆಗಿದ್ದು ಅಂತ ಹೇಳುದ್ರೆ ಏನ್ ಕಮ್ಮಿ ಆಗ್ಬುಡ್ತದೆ? ರೈತ್ರಿಗೂ ಗೊತ್ತಾಗ್ಲಿ.

ಜೆಎಲ್‌ಬಿ ರಸ್ತೆ

ಮಂಡ್ಯ ಹೈದ ಅವ್ರೇ, ಈ ವಿವರ ಓದಿ ಮೈ ಜುಂ ಅಂತು. ಇಷ್ಟು ವರ್ಷ ಊಟ ಮಾಡಿದೀನಿ, ಇದು ಗೊತ್ತೇ ಇರ್ಲಿಲ್ಲ.

ಹೊರಗುತ್ತಿಗೆ ನೌಕರ

ಎಲ್ಲರ ಮಾತೂ ಓದಿದೆ. ಒಂದು ವಿಷ್ಯ ಯಾರೂ ಹೇಳ್ಲಿಲ್ಲ ಅದಕ್ಕೆ ಹೇಳ್ತಿದೀನಿ ತಪ್ಪು ತಿಳ್ಕೋಬೇಡಿ. ನಾನು ಒಂದು ವಿಶ್ವವಿದ್ಯಾನಿಲಯದಲ್ಲಿ ಡೇಟಾ ಎಂಟ್ರಿ ಕೆಲ್ಸ ಮಾಡ್ತೀನಿ, ಏಜೆನ್ಸಿ ಮೂಲಕ. ಸಂಬಳ ಏಜೆನ್ಸಿಯಿಂದ ಬರುತ್ತೆ, ಕೆಲ್ಸ ಹೇಳೋರು ಯೂನಿವರ್ಸಿಟಿಯವ್ರು, ಟೆಂಡರ್ ಬದ್ಲಾದ್ರೆ ಏಜೆನ್ಸಿ ಬದ್ಲಾಗುತ್ತೆ, ನಾವು ಅದೇ ಕುರ್ಚಿ ಮೇಲೆ ಅದೇ ಕಂಪ್ಯೂಟರ್ ಮುಂದೆ ಇರ್ತೀವಿ ಆದ್ರೆ ಕಾಗ್ದದ ಮೇಲೆ ಹೊಸ್ದಾಗಿ ಸೇರಿದವ್ರು. "ಕಾಯಂ ನೌಕರರಿಗೆ ಮಾತ್ರ" ಅಂತ ಒಂದು ಸಾಲು ಹಾಕಿದ್ರೆ ನಿಮ್ಮ ಪ್ರಶಸ್ತಿ ಅರ್ಧ ಕ್ಯಾಂಪಸ್ಸನ್ನ ಬಿಟ್ಟ ಹಾಗೆ ಆಗುತ್ತೆ. ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕಂಪ್ಯೂಟರ್ ಆಪರೇಟರ್, ತೋಟದವ್ರು, ತುಂಬಾ ಜನ ನಮ್ಮ ಥರದವ್ರೇ.

ಇನ್ನೊಂದು, 2021-22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, ಅಡ್ಮಿಷನ್ನು ಪರೀಕ್ಷೆ ಎಲ್ಲಾ ಆನ್‌ಲೈನಲ್ಲಿ ನೋಡೋ ಯುಯುಸಿಎಂಎಸ್ ಬಂತು, 2024-25ಕ್ಕೆ ಮತ್ತೆ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ) ಅಂತ ಮೂರು ವರ್ಷದ ಡಿಗ್ರಿ ವಾಪಸ್ ಬಂತು. ಎನ್‌ಇಪಿಗೂ ಮುಂಚಿನ ಹಳೇ ಸಿಬಿಸಿಎಸ್ ಸ್ಕೀಮಿನ ಬ್ಯಾಕ್‌ಲಾಗ್ ಹುಡುಗ್ರು ಬೇರೆ. ಒಂದೇ ಟೇಬಲ್ ಮೇಲೆ ಮೂರು ಥರದ ಸ್ಕೀಮು, ಬೇರೆ ಬೇರೆ ಕ್ರೆಡಿಟ್ಟು, ಬೇರೆ ಬೇರೆ ಪೇಪರ್ ಕೋಡು. ಒಂದು ಇಂಟರ್ನಲ್ ಮಾರ್ಕ್ಸ್ ತಪ್ಪು ಕೋಡಿಗೆ ಹೋದ್ರೆ ಆ ಹುಡುಗನ ರಿಸಲ್ಟ್ ತಡೆ ಹಿಡೀತಾರೆ, ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಸಿಕ್ಕ ಕೆಲ್ಸ ಕೈ ತಪ್ಪಬಹುದು. ನಮ್ಮ ಸೆಕ್ಷನ್‌ನಲ್ಲಿ ನಮ್ಮ ಜೊತೆಯ ಒಬ್ಬ ಹೆಣ್ಮಗಳು ಮೂರೂ ಸ್ಕೀಮಿನ ಕೋಡ್‌ಗಳನ್ನ ಒಂದೇ ಹಾಳೇಲಿ ಬಣ್ಣ ಹಾಕಿ ಪಟ್ಟಿ ಮಾಡಿ ಎಲ್ಲರ ಕಂಪ್ಯೂಟರ್ ಪಕ್ಕ ಅಂಟಿಸಿದ್ರು, ಅಲ್ಲಿಂದ ತಪ್ಪು ಎಷ್ಟೋ ಕಮ್ಮಿ ಆಯ್ತು. ಮೇಲಿನವ್ರು ಯಾರೂ ಹೇಳಿರ್ಲಿಲ್ಲ, ಅವ್ರೇ ಮನೇಲಿ ಕೂತು ಮಾಡ್ಕೊಂಡು ಬಂದ್ರು. ಅವ್ರೂ ಏಜೆನ್ಸಿಯವ್ರೇ.

ಗಂಗೋತ್ರಿ ಹಳೆ ವಿದ್ಯಾರ್ಥಿನಿ

ಅಣ್ಣ, ಇದ್ರಲ್ಲಿ ತಪ್ಪು ತಿಳ್ಕೊಳೋದೇನಿದೆ, ನೀವು ಹೇಳಿದ್ದೇ ಮುಖ್ಯ. ಮನವೀಲಿ ಮೊದಲ್ನೇ ಸಾಲೇ ಅದು ಇರುತ್ತೆ: ಕಾಯಂ, ಗುತ್ತಿಗೆ, ಹೊರಗುತ್ತಿಗೆ, ದಿನಗೂಲಿ ಅನ್ನೋ ಭೇದ ಇಲ್ಲ, ಕ್ಯಾಂಪಸ್‌ನಲ್ಲಿ ಕೆಲ್ಸ ಮಾಡೋರೆಲ್ಲ ಅರ್ಹರು. ಆ ಅಕ್ಕನ ಹೆಸ್ರು ಇಲ್ಲಿ ಹಾಕ್ಬೇಡಿ, ಆದ್ರೆ ನಾಮನಿರ್ದೇಶನ ಶುರುವಾದ್ರೆ ಮೊದಲ್ನೇ ಪತ್ರ ನೀವೇ ಬರೀಬೇಕು.

ನೇರ ಮಾತು

ಎಲ್ರಿಗೂ ಬೇಜಾರಾದ್ರೂ ಪರವಾಗಿಲ್ಲ, ನನಗೆ ಈ ಪ್ರಶಸ್ತಿ ವಿಚಾರ ಅಷ್ಟು ಸರಿ ಕಾಣಲ್ಲ. ಖಾಲಿ ಹುದ್ದೆ ತುಂಬ್ಲಿ ಮೊದ್ಲು. ಮೂರು ಜನ ಮಾಡೋ ಕೆಲ್ಸ ಒಬ್ರ ತಲೆ ಮೇಲೆ ಹಾಕಿ, ಅವ್ರು ಹೇಗೋ ತೂಗಿಸ್ಕೊಂಡು ಹೋದ್ರೆ ಕರೆದು ಶಾಲು ಹೊದಿಸಿ "ಮಾದರಿ ನೌಕರ" ಅನ್ನೋದು ನ್ಯಾಯ ಅಲ್ಲ. ಹೊರಗುತ್ತಿಗೆಯವ್ರಿಗೆ ತಿಂಗ್ಳು ತಿಂಗ್ಳು ಸಂಬಳ ಸರಿಯಾದ ದಿನಕ್ಕೆ ಆಗ್ಲಿ, ಪಿಎಫ್ ಕಟ್ಟಲಿ, ಪ್ರಮೋಷನ್ ಫೈಲು ಮೂವ್ ಆಗ್ಲಿ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಹೂವು ಯಾಕೆ?

ನಿವೃತ್ತ ಸೂಪರಿಂಟೆಂಡೆಂಟ್

ನಿಮ್ಮ ಕೋಪ ಅರ್ಥ ಆಗುತ್ತೆ ಸಾರ್, ನಾನೂ ಪ್ರಮೋಷನ್ನಿಗೆ ವರ್ಷಾನುಗಟ್ಟಲೆ ಕಾದವ್ನೇ. ಆದ್ರೆ ಎರಡೂ ಬೇರೆ ಬೇರೆ ಕಣ್ರೀ. ಸಂಬಳ ಹಕ್ಕು, ಅದಕ್ಕೆ ಹೋರಾಟ ಮಾಡೋಣ, ಸಂಘ ಇದೆ, ಕೋರ್ಟ್ ಇದೆ. ಮೆಚ್ಚುಗೆಯನ್ನ ಯಾವ ಕೋರ್ಟಿಂದಾನೂ ತರೋಕಾಗಲ್ಲ. ಮತ್ತೆ ನಾನು ಹೇಳಿದ ಆ ಒಂದು ಪುಟ ಇದ್ಯಲ್ಲ, ಅದ್ರಲ್ಲೇ "ಮಂಜೂರಾದ ಹುದ್ದೆ ಇಷ್ಟು, ಇರೋರು ಇಷ್ಟು ಜನ, ಇಷ್ಟ್ರಲ್ಲೇ ಈ ಕೆಲ್ಸ ಆಯ್ತು" ಅಂತ ಬರೆದ್ರೆ ಅದೇ ಒಂದು ದಾಖಲೆ ಆಗುತ್ತೆ. ಹುದ್ದೆ ತುಂಬಿ ಅಂತ ಕೇಳೋಕೆ ನಾಳೆ ಅದೇ ಕಾಗ್ದ ಮುಂದಿಡಬಹುದು.

ನೇರ ಮಾತು

ಹುದ್ದೆ ಲೆಕ್ಕ ಅದ್ರಲ್ಲಿ ಬರುತ್ತೆ ಅನ್ನೋದಾದ್ರೆ ಒಪ್ತೀನಿ. ಅದನ್ನ ಮಾತ್ರ ಕೊನೆ ಗಳಿಗೇಲಿ ಬಿಟ್ಬಿಡ್ಬೇಡಿ.

ತಾಳೆಗರಿ

ಇಷ್ಟೊತ್ತು ಓದ್ತಾ ಇದ್ದೆ, ಲೈಬ್ರರಿ ಕಡೆಯಿಂದ ಒಂದು ಮಾತು. ಮೈಸೂರಿನಲ್ಲಿ ಲೈಬ್ರರಿ ಸಿಬ್ಬಂದಿಯ ದೊಡ್ಡಸ್ತಿಕೆ ಹೇಳೋಕೆ ಬೇರೆ ಉದಾಹರಣೆ ಹುಡುಕಬೇಕಿಲ್ಲ. ನಮ್ಮ ಪ್ರಾಚ್ಯ ವಿದ್ಯಾ ಸಂಶೋಧನಾಲಯ 1891ರಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾಗಿದ್ದು. ಆರ್. ಶಾಮಾಶಾಸ್ತ್ರಿಗಳು ಅಲ್ಲಿ ಲೈಬ್ರೇರಿಯನ್. 1905ರಲ್ಲಿ ತಾಳೆಗರಿ ಕಟ್ಟುಗಳ ಮಧ್ಯೆ "ಗ್ರಂಥ" ಅನ್ನೋ ಹಳೇ ಲಿಪೀಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನ ಗುರುತಿಸಿದ್ರು, 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯ್ತು, 1915ರಲ್ಲಿ ಇಂಗ್ಲಿಷ್ ಅನುವಾದ. ಕಳೆದೇ ಹೋಯ್ತು ಅಂದ್ಕೊಂಡಿದ್ದ ಗ್ರಂಥ ಜಗತ್ತಿಗೆ ಸಿಕ್ಕಿದ್ದು ಪುಸ್ತಕ ಪಟ್ಟಿ ಮಾಡೋ ಕೆಲ್ಸದಲ್ಲಿದ್ದ ಒಬ್ಬರ ಕಣ್ಣಿಂದ. ಅವ್ರಿಗೆ ಆಮೇಲೆ ಬಿರುದು ಬಾವಲಿ ಎಲ್ಲಾ ಬಂತು, ಸಂತೋಷ.

ಆದ್ರೆ ಆ ಗರಿಗಳು ಅವ್ರ ಕೈಗೆ ಸಿಗೋವರೆಗೆ ಹುಳ ಹಿಡೀದಂಗೆ ಕಾಪಾಡಿದವ್ರು ಯಾರು? ಒಂದೊಂದು ಗರಿಯನ್ನೂ ಮೆತ್ತನೆ ಬ್ರಷ್ಷಲ್ಲಿ ಒರೆಸಿ, ಸಿಟ್ರೊನೆಲ್ಲ ಎಣ್ಣೆ ಸವರಿ, ಅಕ್ಷರ ಮಾಸಿದ್ರೆ ಮಸಿ ಹಚ್ಚಿ ಒರೆಸಿ ಮತ್ತೆ ಕಾಣೋ ಹಾಗೆ ಮಾಡಿ, ಮರದ ಪಟ್ಟಿ ಮಧ್ಯೆ ಇಟ್ಟು ದಾರ ಕಟ್ಟಿ ಬಟ್ಟೇಲಿ ಸುತ್ತಿಡೋ ಕೆಲ್ಸ ಇವತ್ತಿಗೂ ಇದೆ. ಜೋರಾಗಿ ಎಳೆದ್ರೆ ಗರಿ ಮುರೀತದೆ. ಕೆಲ್ಸ ಸರಿಯಾಗಿ ಆದ್ರೆ ಏನೂ ಆಗಿಲ್ಲ ಅನ್ನಿಸುತ್ತೆ, ಗರಿ ಹಾಗೇ ಇರುತ್ತೆ ಅಷ್ಟೇ. ಇಂಥ ಕೆಲ್ಸವನ್ನ ಗುರುತಿಸೋ ವಿಭಾಗ ಒಂದು ಇರ್ಲೇಬೇಕು ಅಂತ ನನ್ನ ಒತ್ತಾಯ.

ಎಂಎ ಸೆಕೆಂಡ್ ಇಯರ್

ನಾವು ಸ್ಟೂಡೆಂಟ್ಸ್ ವೋಟ್ ಹಾಕೋ ಹಾಗೆ ಮಾಡಿದ್ರೆ? ಪ್ರತಿ ಡಿಪಾರ್ಟ್‌ಮೆಂಟ್ ಬಾಗ್ಲಲ್ಲಿ ಕ್ಯೂಆರ್ ಕೋಡ್ ಹಾಕಿ, ಸ್ಕ್ಯಾನ್ ಮಾಡಿ ಹೆಸ್ರು ಹಾಕಿದ್ರಾಯ್ತು. ನಮ್ಮ ಹಾಸ್ಟೆಲ್ ಅಡುಗೆ ಅಣ್ಣಂಗೆ ಇವತ್ತೇ ಹಾಕ್ತೀನಿ, ಜ್ವರ ಬಂದ್ರೆ ಕೇಳ್ದೇನೇ ಗಂಜಿ ಮಾಡಿ ರೂಮಿಗೆ ಕಳಿಸ್ತಾರೆ.

ನಿವೃತ್ತ ಸೂಪರಿಂಟೆಂಡೆಂಟ್

ಮಗೂ, ಹೆಸ್ರು ಸೂಚಿಸೋಕೆ ನಿಮ್ಗೆ ಅವಕಾಶ ಬೇಕೇ ಬೇಕು, ಆದ್ರೆ ವೋಟ್ ಬೇಡ. ತಾಳೆಗರಿ ಅವ್ರು ಹೇಳಿದ್ದು ನೋಡು. ಕೌಂಟರಿನಲ್ಲಿ ಕೂರೋನು ಎಲ್ರಿಗೂ ಕಾಣ್ತಾನೆ. ಹಳೇ ಲೆಡ್ಜರ್ ಇಡೋ ಸ್ಟ್ರಾಂಗ್ ರೂಮಲ್ಲಿ ಧೂಳು ಕುಡ್ಕೊಂಡು ಯಾವ್ದೋ ಕಾಲದಲ್ಲಿ ಪಾಸಾದವ್ರ ಮಾರ್ಕ್ಸ್ ಹುಡುಕಿ ಕೊಡೋನು ಯಾರಿಗೂ ಕಾಣಲ್ಲ. ಅರ್ಜಿ ಹಾಕಿದವ್ರಿಗೆ ಮಾರ್ಕ್ಸ್ ಕಾರ್ಡ್ ಪೋಸ್ಟಲ್ಲಿ ಹೋಗುತ್ತೆ, ಇವ್ನ ಮುಖ ಗೊತ್ತಿಲ್ಲ. ವೋಟ್ ಅಂದ್ರೆ ಅವ್ನಿಗೆ ಯಾವತ್ತೂ ಬರಲ್ಲ. ಅದಕ್ಕೆ ಸೂಚನೆ ಎರಡು ಕಡೆಯಿಂದ ಬರ್ಲಿ, ವಿದ್ಯಾರ್ಥಿಗಳು ಸಾರ್ವಜನಿಕರು ಒಂದು ಕಡೆ, ಜೊತೆಗೆ ಕೆಲ್ಸ ಮಾಡೋರು ಇನ್ನೊಂದು ಕಡೆ. ಯಾರೇ ಸೂಚಿಸ್ಲಿ, ನೀನು ಆ ಗಂಜಿ ವಿಷ್ಯ ಹೇಳಿದ್ಯಲ್ಲ ಹಾಗೆ, ನಡೆದ ಸಂಗತಿ ಬರೀಬೇಕು.

ಇಂಗ್ಲೆಂಡಿನಲ್ಲಿರೋ ಮೈಸೂರಿಗ

ನಾನು ಇಲ್ಲೊಂದು ಯೂನಿವರ್ಸಿಟಿ ವರ್ಕ್‌ಶಾಪಲ್ಲಿ ಟೆಕ್ನೀಷಿಯನ್. ಹೊರಗಡೆ ಹೇಗಿದೆ ಅಂತ ಸ್ವಲ್ಪ ಹೇಳ್ತೀನಿ, ಹಾಗೇ ಎತ್ತಿಕೊಳ್ಳಿ ಅಂತಲ್ಲ. ಇಲ್ಲಿ 2017ರಲ್ಲಿ ಟೆಕ್ನೀಷಿಯನ್ ಕಮಿಟ್‌ಮೆಂಟ್ ಅಂತ ಶುರುವಾಯ್ತು, ಯೂನಿವರ್ಸಿಟಿಗಳು ಸಹಿ ಹಾಕಿ ಒಪ್ಕೊಳೋದು: ಲ್ಯಾಬ್ ವರ್ಕ್‌ಶಾಪ್ ಟೆಕ್ನೀಷಿಯನ್ನರು ಕಣ್ಣಿಗೆ ಕಾಣೋ ಹಾಗಿರ್ಬೇಕು, ಅವ್ರ ಕೆಲ್ಸಕ್ಕೆ ಮನ್ನಣೆ ಸಿಗ್ಬೇಕು, ಮುಂದೆ ಬೆಳೆಯೋ ದಾರಿ ಇರ್ಬೇಕು, ಆ ಕೈಗೆಲ್ಸ ಮುಂದಿನ ತಲೆಮಾರಿಗೆ ಉಳೀಬೇಕು. ಟೈಮ್ಸ್ ಹೈಯರ್ ಎಜುಕೇಶನ್ ಪ್ರಶಸ್ತಿಗಳಲ್ಲೂ ಟೆಕ್ನೀಷಿಯನ್ನಿಗೆ ಅಂತಲೇ ಒಂದು ವಿಭಾಗ ಇದೆ. ಅಮೆರಿಕದ ಬರ್ಕ್ಲಿಯಲ್ಲಿ ಚಾನ್ಸೆಲರ್ ಹೆಸ್ರಲ್ಲಿ ಸ್ಟಾಫ್‌ಗೆ ಪ್ರಶಸ್ತಿ ಕೊಡ್ತಾರೆ, ಒಬ್ಬೊಬ್ರಿಗೂ ಉಂಟು, ಇಡೀ ಟೀಮಿಗೂ ಉಂಟು.

ಆ ಟೀಮ್ ಅನ್ನೋದನ್ನ ಮನವೀಲಿ ಸೇರಿಸಿ ದಯವಿಟ್ಟು. ನಮ್ಮ ಕೆಲ್ಸ ಒಬ್ಬರದ್ದು ಅಂತ ಬಿಡಿಸೋಕೆ ಆಗಲ್ಲ ಎಷ್ಟೋ ಸಲ. ಮತ್ತೆ ಆ ನಾಲ್ಕನೇದು, ಕೈಗೆಲ್ಸ ಉಳಿಯೋದು, ಅದಕ್ಕೆ ನಾನು ತುಂಬಾ ಬೆಲೆ ಕೊಡ್ತೀನಿ. ಮುಂಚೆ ಕೆಮಿಸ್ಟ್ರಿ ಡಿಪಾರ್ಟ್‌ಮೆಂಟ್‌ಗಳಲ್ಲಿ ಗ್ಲಾಸ್ ಬ್ಲೋಯರ್ ಇರ್ತಿದ್ರು, ಬೇಕಾದ ಆಕಾರದ ಗಾಜಿನ ಉಪಕರಣ ಬೆಂಕಿ ಮುಂದೆ ಕೂತು ಊದಿ ಮಾಡಿ ಕೊಡೋರು. ಅವ್ರು ರಿಟೈರ್ ಆದ್ಮೇಲೆ ಕಲಿತವ್ರು ಯಾರೂ ಇರಲ್ಲ. ಯಾರು ತನ್ನ ಕೆಲ್ಸವನ್ನ ಇನ್ನೊಬ್ರಿಗೆ ಕಲಿಸಿದಾರೆ ಅನ್ನೋದನ್ನೂ ಪ್ರಶಸ್ತಿಗೆ ಒಂದು ಅರ್ಹತೆ ಮಾಡಿ.

ಮಂಡ್ಯ ಹೈದ

ಇದು ಸರ್ಯಾಗೈತೆ. ನಮ್ ದೊಡ್ಡಪ್ಪನ ಹತ್ರ ಕಲ್ತೋರು ಇಬ್ರು ಈಗ್ಲೂ ಆ ಕೆಲ್ಸದಲ್ಲವ್ರೆ.

ಜೆಎಲ್‌ಬಿ ರಸ್ತೆ

ದುಡ್ಡಿನ ವಿಷ್ಯ? ನಗದು ಇರ್ಬೇಕಾ ಬೇಡ್ವಾ?

ಹೊರಗುತ್ತಿಗೆ ನೌಕರ

ಇರ್ಲಿ ಸಾರ್. ಹಾರ ಶಾಲು ವೇದಿಕೆ ಹೂವಿಗೆ ಹಾಕೋ ದುಡ್ಡನ್ನ ಕೈಗೆ ಕೊಟ್ರೆ ಮಕ್ಕಳ ಫೀಸಿಗಾಗುತ್ತೆ. ನಮ್ಮಂಥವ್ರಿಗೆ ಸರ್ವಿಸ್ ರಿಜಿಸ್ಟರ್ ಇರಲ್ಲ, ಅದಕ್ಕೆ ಆ ಒಂದು ಪುಟವನ್ನ ಸೀಲು ಸಹಿ ಹಾಕಿ ಕೈಗೇ ಕೊಡ್ಬೇಕು. ಏಜೆನ್ಸಿ ಬದ್ಲಾದಾಗ ತೋರ್ಸೋಕೆ ನಮ್ಮ ಹತ್ರ ಇರೋದು ಅದೊಂದೇ ಆಗುತ್ತೆ.

ಗಂಗೋತ್ರಿ ಹಳೆ ವಿದ್ಯಾರ್ಥಿನಿ

ಸರಿ, ಇಲ್ಲಿವರೆಗೆ ಬಂದಿದ್ದನ್ನೆಲ್ಲ ಇಟ್ಕೊಂಡು ಕರಡು ಬರೀತಿದೀನಿ. ಭೇದ ಇಲ್ದೆ ಎಲ್ಲರೂ ಅರ್ಹರು, ಸೂಚನೆ ಎರಡೂ ಕಡೆಯಿಂದ, ಟೀಮಿಗೂ ಕೊಡಬಹುದು, ಹುದ್ದೆ ಲೆಕ್ಕದ ಜೊತೆ ಒಂದು ಪುಟದ ವಿವರ, ಅದು ನೋಟೀಸ್ ಬೋರ್ಡಿಗೆ, ಎಸ್‌ಆರ್‌ಗೆ, ಎಸ್‌ಆರ್ ಇಲ್ದವ್ರ ಕೈಗೆ. ಆಯ್ಕೆ ಸಮಿತೀಲಿ ಅಧಿಕಾರಿಗಳಷ್ಟೇ ಸಂಖ್ಯೇಲಿ ಡಿ ಗ್ರೂಪ್ ಮತ್ತೆ ಹೊರಗುತ್ತಿಗೆಯವ್ರೂ ಇರ್ಬೇಕು ಅಂತ ನಾನೇ ಒಂದು ಸೇರಿಸಿದೀನಿ. ಕಾಣದ ಕೆಲ್ಸದ ವಿಭಾಗಕ್ಕೆ "ಪಾಲನೆ ಮತ್ತು ಸಂರಕ್ಷಣೆ" ಅಂತ ಹೆಸ್ರು ಇಡ್ಲಾ ತಾಳೆಗರಿ ಅವ್ರೇ? ಸೂಪರಿಂಟೆಂಡೆಂಟ್ ಸಾರ್, ಇದು ಯಾರ ಹೆಸ್ರಿಗೆ ಹೋಗ್ಬೇಕು, ಕುಲಪತಿಗಳಿಗಾ ಕುಲಸಚಿವರಿಗಾ?

ತಾಳೆಗರಿ

ಹೆಸ್ರು ಚೆನ್ನಾಗಿದೆ, ಹಾಗೇ ಇರ್ಲಿ.

ನಿವೃತ್ತ ಸೂಪರಿಂಟೆಂಡೆಂಟ್

ಕುಲಪತಿಗಳಿಗೆ ಬರೆದು ಕುಲಸಚಿವರಿಗೆ ಪ್ರತಿ ಹಾಕಮ್ಮ, ಸಿಂಡಿಕೇಟ್ (ಯೂನಿವರ್ಸಿಟಿ ಆಡಳಿತ ಮಂಡಳಿ) ಸಭೆಗೆ ವಿಷಯ ಆಗಿ ಇಡಿ ಅಂತ ಸ್ಪಷ್ಟವಾಗಿ ಕೇಳು, ಇಲ್ಲಾಂದ್ರೆ ಫೈಲು ಸೆಕ್ಷನ್‌ನಲ್ಲೇ ಕೂತ್ಬಿಡುತ್ತೆ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸ್ಕೊ, ನಂಬರ್ ಬರ್ಕೊ. ಕೃಷಿ ಕಡೆಯವ್ರಿಗೆ ಆಡಳಿತ ಬೇರೆ, ಅದಕ್ಕೆ ಇನ್ನೊಂದು ಪ್ರತಿ ಮಂಡ್ಯ ಹೈದ ಅವ್ರ ಕಡೆಯಿಂದ ಹೋಗ್ಲಿ. ಕರಡು ಇಲ್ಲಿ ಹಾಕು, ಕಚೇರಿ ಭಾಷೆ ನಾನು ತಿದ್ದಿ ಕೊಡ್ತೀನಿ.

ಮಂಡ್ಯ ಹೈದ

ನಮ್ದು ನಾನ್ ತಗಂಡೋಗಿ ಕೊಡ್ತೀನಿ ಸಾರ್. ಸೈನ್ ಹಾಕೋಕೆ ಫಾರಂನವ್ರು ಬೇಕಾದಷ್ಟು ಜನ ಅವ್ರೆ, ಸೋಮವಾರ ಬೆಳಿಗ್ಗೆ ಗದ್ದೆಗಿಳಿಯೋಕೆ ಮುಂಚೆ ಹೋದ್ರೆ ಎಲ್ರೂ ಸಿಕ್ತಾರೆ.